ಮೋಟರ್ ಕಿವಿಯ ಭಾವ

ಅಕ್ಕನ ಗಂಡನಿಗೆ ಬಹುವಚನ ಕೊಡುವುದು ಮರ್ಯಾದೆ. ಎದುರಿಗೆ ಕೊಟ್ಟುಕೊಂಡೇ ಬಂದಿದ್ದೇನೆ, ಮನಸ್ಸಿನಲ್ಲಿ ಒಂದು ದಿನವೂ ಕೊಟ್ಟವನಲ್ಲ. ಬರೆಯಲು ಕೂತರೆ ಮನಸ್ಸಿನಲ್ಲಿದ್ದುದೇ ಬರುತ್ತದೆ. ಓದುವವರು ಬೇಜಾರು ಮಾಡಿಕೊಳ್ಳಬಾರದು.

ನಮ್ಮ ಭಾವ ಮೋಟರ್ ಸುತ್ತುವವನು. ಫ್ಯಾನು, ನೀರಿನ ಪಂಪು, ಗಿರಣಿ, ಯಾವುದರ ಮೋಟರ್ ಸುಟ್ಟರೂ ಜನ ಹೊತ್ತು ತರುವುದು ಅವನ ಅಂಗಡಿಗೆ. ಅವನು ಅದರ ಹೊಟ್ಟೆ ಬಿಚ್ಚಿ, ಕರಕಲಾದ ತಂತಿ ಕಿತ್ತು, ಸೀಳುಗಳಿಗೆ ಹೊಸ ಕಾಗದ ತೂರಿಸಿ, ಹೊಸ ತಾಮ್ರದ ತಂತಿಯನ್ನು ಎಣಿಸಿ ಎಣಿಸಿ ಸುತ್ತುತ್ತಾನೆ. ಸುತ್ತುವಾಗ ಮಾತಾಡಿದರೆ ಎಣಿಕೆ ತಪ್ಪುತ್ತದೆ, ಹಾಗಾಗಿ ಮಾತಾಡುವುದಿಲ್ಲ. ಸುತ್ತದೆ ಇರುವಾಗಲೂ ಮಾತಾಡುವುದಿಲ್ಲ, ಅದು ಅಭ್ಯಾಸ. ಅಂಗಡಿಯ ತುಂಬ ತಂತಿಗೆ ಬಳಿಯುವ ವಾರ್ನಿಷ್ ವಾಸನೆ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದರೆ ಮೊದಲು ಆ ವಾಸನೆ ಒಳಗೆ ಬರುತ್ತದೆ, ಆಮೇಲೆ ಭಾವ. ಇಂಥವನನ್ನು ನಮ್ಮಕ್ಕ ತಾನಾಗಿಯೇ ಮೆಚ್ಚಿ ಮದುವೆಯಾದಳು. "ಕೆಟ್ಟ ಫ್ಯಾನು ರಿಪೇರಿ ಮಾಡೋಕೆ ಬಂದ, ಫ್ಯಾನು ಸರಿಹೋಯ್ತು, ಮಗಳ ತಲೆ ಕೆಡ್ತು" ಎಂದು ಅಪ್ಪ ಸಾಯುವವರೆಗೂ ಹೇಳುತ್ತಿದ್ದರು. ನಾನು ಪ್ರತಿ ಸಲವೂ ನಗುತ್ತಿದ್ದೆ.

ನನ್ನ ವಿಷಯ ಬೇರೆ. ನಾನು ರೇಡಿಯೋದಲ್ಲಿ ಇಪ್ಪತ್ತೆಂಟು ವರ್ಷ ಉದ್ಘೋಷಕ. ನನ್ನ ಮುಖ ಯಾರಿಗೂ ಗೊತ್ತಿರಲಿಲ್ಲ, ನನ್ನ ದನಿ ಎಲ್ಲರಿಗೂ ಗೊತ್ತಿತ್ತು. ಟಿಕೆಟ್ ಕೇಳಿದರೆ ಬಸ್ ಕಂಡಕ್ಟರ್ ತಲೆಯೆತ್ತಿ ನೋಡುತ್ತಿದ್ದ. ತರಕಾರಿಯವಳು ನಾನು ಬಾಯಿಬಿಟ್ಟ ಮೇಲೆ ಕೊಳೆತದ್ದನ್ನು ಪಕ್ಕಕ್ಕಿಟ್ಟು ಒಳ್ಳೆಯದನ್ನು ಆರಿಸಿ ಕೊಡುತ್ತಿದ್ದಳು. ಆಳವಾದ, ಅವಸರವಿಲ್ಲದ ದನಿ. ಅದನ್ನು ನಾನೇ ಹೇಳಿಕೊಳ್ಳಬಾರದು, ಆದರೆ ಬೇರೆಯವರು ಹೇಳುವುದನ್ನು ನಿಲ್ಲಿಸಿ ಬಹಳ ವರ್ಷವಾಯಿತು.

ಕಿವಿಯ ವಿಷಯದಲ್ಲಿ ಭಾವನಿಗೂ ಒಂದು ಜಂಬವಿತ್ತು. ಓಡುತ್ತಿರುವ ಮೋಟರಿನ ಮೈಗೆ ಸ್ಕ್ರೂಡ್ರೈವರಿನ ತುದಿ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು, ಕಣ್ಣು ನೆಲಕ್ಕೆ ಹಾಕಿ ನಿಲ್ಲುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ "ಹಿಂದಿನ ಬೇರಿಂಗ್ ಹೋಗಿದೆ" ಎನ್ನುತ್ತಿದ್ದ. ಬಿಚ್ಚಿದರೆ ಹಿಂದಿನ ಬೇರಿಂಗೇ ಹೋಗಿರುತ್ತಿತ್ತು. ಗಿರಾಕಿಗಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಕಬ್ಬಿಣದ ಗುರುಗುರು ಕೇಳುವ ಕಿವಿಗೂ ಕಿವಿ ಅನ್ನುತ್ತಾರಲ್ಲ ಎಂದು.

ಇನ್ನು ನಮ್ಮ ರಸಿಕರ ಸಂಘ. ನಿವೃತ್ತ ಹಲ್ಲಿನ ಡಾಕ್ಟರೊಬ್ಬರು ತಮ್ಮ ಮುಚ್ಚಿದ ಕ್ಲಿನಿಕ್ಕಿನ ಹಾಲಿನಲ್ಲಿ ಭಾನುವಾರ ಬೆಳಗ್ಗೆ ಹತ್ತಕ್ಕೆ ಹಳೆಯ ರೆಕಾರ್ಡು ಹಾಕುತ್ತಿದ್ದರು. ಕೇಳಲು ನಾವು ಏಳೆಂಟು ಜನ. ಕುರ್ಚಿಗಳು ಹಲ್ಲುನೋವಿನವರು ಕೂತು ಸವೆಸಿದ ಅವೇ ಕುರ್ಚಿಗಳು, ಗೋಡೆಯ ಮೇಲೆ ದವಡೆಯ ಚಿತ್ರವೂ ಹಾಗೆಯೇ ಇತ್ತು. ಹಾಡು ಶುರುವಾದರೆ ಎಲ್ಲರೂ ಕಣ್ಣು ಮುಚ್ಚುತ್ತಿದ್ದರು. ಅರ್ಧ ಜನ ಆಸ್ವಾದಿಸುತ್ತಿದ್ದರು, ಅರ್ಧ ಜನ ನಿದ್ದೆ ಹೊಡೆಯುತ್ತಿದ್ದರು. ಹಾಡು ಮುಗಿದಾಗ "ಆಹಾ" ಎನ್ನುವುದರಲ್ಲಿ ಎರಡನೇ ಗುಂಪಿನವರದೇ ಜೋರು. ಗಣಿತದ ಲೆಕ್ಚರರ್ ಒಬ್ಬ ಬರುತ್ತಿದ್ದ. ತಾಳ ಹಾಕಲು ಹೋಗಿ ಪ್ರತಿ ಸಲ ತಪ್ಪಿ, ಕೈಯನ್ನು ಮೆಲ್ಲಗೆ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಇವರ ನಡುವೆ ನಾನೊಬ್ಬನೇ ತಿಳಿದವನು ಎಂಬುದು ನನ್ನ ಖಚಿತ ಅಭಿಪ್ರಾಯವಾಗಿತ್ತು. ಪ್ರತಿಯೊಬ್ಬನ ಖಚಿತ ಅಭಿಪ್ರಾಯವೂ ಅದೇ ಇದ್ದಿರಬೇಕು.

ನಾವು ಪೂಜಿಸುತ್ತಿದ್ದುದು ಪರದೇಶದ ಒಬ್ಬ ಹಳೆಯ ಬ್ಲೂಸ್ ಹಾಡುಗಾರನನ್ನು. ಬ್ಲೂಸ್ ಅಂದರೆ ದೊಡ್ಡ ವಿದ್ಯೆಯೇನಲ್ಲ. ಮೂರು ಸಾಲಿನಲ್ಲಿ ಒಂದು ಸಂಕಟ ಹೇಳುವುದು, ಅದರಲ್ಲೂ ಮೊದಲ ಸಾಲನ್ನೇ ಎರಡು ಸಲ ಹೇಳುವುದು. ಕೇಳುವವರು ಒಂದೇ ಸಲಕ್ಕೆ ಕಿವಿಗೊಡುವುದಿಲ್ಲ ಎಂದು ಆ ಜನಕ್ಕೆ ಗೊತ್ತಿತ್ತೇನೋ. ಈತ ಹಡಗುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದನಂತೆ. ರೆಕಾರ್ಡಿನ ಮೇಲೆ ಹೆಸರಿನ ಬದಲು ಆ ಕೆಲಸವನ್ನೇ ಹಾಕಿದ್ದರು, ನಾವೂ ಹಮಾಲ ಎಂದೇ ಕರೆಯುತ್ತಿದ್ದೆವು. ಅವನ ಹತ್ತಿರ ಇದ್ದುದು ಒಂದು ಗಿಟಾರು, ಒಂದು ಗಂಟಲು. ಹೆಬ್ಬೆರಳು ದಪ್ಪ ತಂತಿಯನ್ನು ಬಿಡದೆ ಮೀಟುತ್ತಿರುತ್ತದೆ, ಉಳಿದ ಬೆರಳುಗಳು ತೆಳು ತಂತಿಗಳಲ್ಲಿ ಅವನ ಮಾತಿಗೆ ಉತ್ತರ ಕೊಡುತ್ತವೆ. ಕೆಲವು ಕಡೆ ಸಾಲಿನ ಕೊನೆಯ ಪದವನ್ನು ಅವನು ಹಾಡುವುದೇ ಇಲ್ಲ, ಗಿಟಾರಿಗೆ ಬಿಟ್ಟುಬಿಡುತ್ತಾನೆ. ಆ ಪದ ನಮಗೆ ಕೇಳಿಸಿಯೇ ಬಿಡುತ್ತದೆ. ಇಷ್ಟು ಮಾತ್ರ ಅವಮಾನಿಸದೆ ಹೇಳುತ್ತೇನೆ: ಅವನು ದೊಡ್ಡವನು. ಅವನಿಗೆ ಸಿಕ್ಕ ಕೇಳುಗರು ನಾವು.

ಅವನ ಮೊದಮೊದಲ ರೆಕಾರ್ಡುಗಳು ಡಾಕ್ಟರ ಹತ್ತಿರ ಆರು ಇದ್ದವು. ಅರಗಿನ, ಭಾರದ, ಬಿದ್ದರೆ ಚೂರಾಗುವ ತಟ್ಟೆಗಳು. ಐದರಲ್ಲಿ ದನಿ ಎತ್ತರದಲ್ಲಿ, ತೆಳ್ಳಗೆ, ಎಳೆ ಹುಡುಗನ ಅಳುವಿನ ಹಾಗೆ. ಆರನೆಯದರಲ್ಲಿ ಮಾತ್ರ ದಪ್ಪ, ನಿಧಾನ. "ಅವತ್ತು ಪಾಪ ಗಂಟಲು ಕೆಟ್ಟಿತ್ತು" ಎಂದು ಡಾಕ್ಟರು ತೀರ್ಪು ಕೊಟ್ಟಿದ್ದರು, ನಾವು ತಲೆಯಾಡಿಸಿದ್ದೆವು. ಒಂದು ಸಲ ಸಂಘದ ರೆಕಾರ್ಡು ಓಡಿಸುವ ಮೆಷಿನ್ ನಿಂತುಹೋದಾಗ ನಾನು ಭಾವನನ್ನು ಕರೆತಂದೆ. ಮೋಟರ್ ಸರಿಮಾಡಿಕೊಟ್ಟ. ಡಾಕ್ಟರು ಉದಾರಿಗಳು, ಬೇಡವಾದದ್ದನ್ನು ಕೊಡುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಆ ಆರನೆಯ ತಟ್ಟೆಯನ್ನು ಭಾವನ ಕೈಗಿಟ್ಟರು. "ನಿಮಗೆ ಇದೇ ಸಾಕು" ಎಂದೂ ಹೇಳಿದರು. ಭಾವ ಅದನ್ನು ಅಂಗಿಯೊಳಗೆ ಎದೆಗೆ ಒತ್ತಿಕೊಂಡು ಸೈಕಲ್ ತಳ್ಳಿಕೊಂಡು ಹೋದ. ಹತ್ತಿ ತುಳಿದರೆ ಎಲ್ಲಿ ಒಡೆಯುತ್ತದೋ ಎಂಬ ಭಯ.

ಅದಾದ ಮೇಲೆ ಒಂಬತ್ತು ವರ್ಷ ಅವನು ಆ ಒಂದೇ ತಟ್ಟೆ ಕೇಳಿದ. ಯಾವುದೋ ಗುಜರಿಯಿಂದ ಹಳೆಯ ಗ್ರಾಮಫೋನ್ ಪೆಟ್ಟಿಗೆ ತಂದು, ತಾನೇ ಸುತ್ತಿದ ಮೋಟರ್ ಹಾಕಿ, ತಂತಿಯ ಉರುಳೆಗಳ ಪಕ್ಕದಲ್ಲಿ ಇಟ್ಟುಕೊಂಡಿದ್ದ. ಮಧ್ಯಾಹ್ನ ಊಟ ಮುಗಿಸಿ ಬಂದು ಒಂದು ಸಲ ಈ ಮಗ್ಗುಲು, ಒಂದು ಸಲ ಆ ಮಗ್ಗುಲು. ಆಮೇಲೆ ಕೆಲಸ. ಅಕ್ಕ ಹೇಳುತ್ತಿದ್ದಳು, "ನಿಮ್ಮ ಭಾವ ಕುಡಿಯಲ್ಲ, ಸೇದಲ್ಲ, ಇದೊಂದು ಕೇಳ್ತಾರೆ. ನಿನಗೇನು ಕಷ್ಟ?" ನನಗೆ ಕಷ್ಟವೇನೂ ಇರಲಿಲ್ಲ. ಹಮಾಲನ ಹನ್ನೆರಡು ಹಾಡಿನಲ್ಲಿ ಹೋದ ಗಂಟಲಿನದನ್ನೇ ಆರಿಸಿ ಪೂಜೆ ಮಾಡುವವನನ್ನು ನೋಡಿ ನಗು ಬರುತ್ತಿತ್ತು, ಅಷ್ಟೇ. ಸಂಘದಲ್ಲಿ ಈ ಕಥೆಯನ್ನು ಅಭಿನಯ ಸಮೇತ ಹೇಳಿ ಎಷ್ಟೋ ಭಾನುವಾರ ಎಲ್ಲರನ್ನೂ ನಗಿಸಿದ್ದೇನೆ.

ಹೀಗಿರಲು ಡಾಕ್ಟರಿಗೆ ಒಂದು ಆಸೆ ಹುಟ್ಟಿತು. ಐದು ರೆಕಾರ್ಡುಗಳ ಹತ್ತು ಹಾಡುಗಳನ್ನು ಸಿಡಿಗೆ ಇಳಿಸಿ, ಮುನ್ನೂರು ಪ್ರತಿ ಮಾಡಿಸಿ, ಲೈಬ್ರರಿಗಳಿಗೆಲ್ಲ ಕಳಿಸುವುದು. ಜತೆಗೊಂದು ಕಿರುಪುಸ್ತಕ. ಪುಸ್ತಕ ಬರೆಯುವ ಹೊಣೆ ನನ್ನದು. ಹನ್ನೊಂದು ಪುಟ ಬರೆದೆ. ಇಪ್ಪತ್ತು ದಾಟದ ಹುಡುಗ, ಮೀಸೆ ಮೂಡದ ಸಂಕಟ, ಒಡೆಯುವ ಮೊದಲೇ ಒಡೆದ ಗಂಟಲು, ಹೀಗೆಲ್ಲ. ಡಾಕ್ಟರು ಓದಿ ಕಣ್ಣೊರೆಸಿಕೊಂಡರು. ನಾನೂ ಓದಿ ಒರೆಸಿಕೊಂಡಿದ್ದೆ. ನನ್ನ ಬರಹಕ್ಕೆ ನಾನೇ ಅಳುವಷ್ಟು ಅದು ಚೆನ್ನಾಗಿತ್ತು.

ಇಳಿಸುವ ಮೊದಲು ಮೆಷಿನ್ ಪೂರ್ತಿ ಬಿಚ್ಚಿ ಸರಿಮಾಡಬೇಕಲ್ಲ, ಅದನ್ನು ಭಾವನ ಅಂಗಡಿಗೆ ಸಾಗಿಸಿದರು. ಪರೀಕ್ಷೆಗೆಂದು ಐದರಲ್ಲಿ ಒಂದು ರೆಕಾರ್ಡನ್ನೂ ಕೊಟ್ಟರು. ಅದರಲ್ಲಿದ್ದ ಒಂದು ಹಾಡು ಭಾವನ ತಟ್ಟೆಯಲ್ಲೂ ಇತ್ತು. ಅದೇ ಹಾಡು, ಬೇರೆ ದಿನ ಹಾಡಿದ್ದು. ಒಂಬತ್ತು ವರ್ಷದಲ್ಲಿ ಭಾವ ಸಂಘದ ಮೋಟರುಗಳನ್ನು ಮುಟ್ಟಿದ್ದ, ಸಂಘದ ಹಾಡು ಕೇಳಿರಲಿಲ್ಲ. ಕೂತು ಕೇಳಿ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ನಾನಂತೂ ಹೇಳಿರಲಿಲ್ಲ.

ಮೂರನೆಯ ದಿನ ಅಕ್ಕನ ಕೈಲಿ ಹೇಳಿಕಳಿಸಿದ, ಅಂಗಡಿಗೆ ಬರಬೇಕಂತೆ. ಹೋದೆ. ಸ್ಟೂಲಿನ ಮೇಲಿದ್ದ ತಾಮ್ರದ ಚೂರುಗಳನ್ನು ಅಂಗೈಯಿಂದ ಸರಿಸಿ ನನ್ನನ್ನು ಕೂರಿಸಿದ.

"ನೀನು ರೇಡಿಯೋದವನು. ನಿನಗೆ ಕೇಳುತ್ತೆ, ಕೇಳು" ಎಂದ.

ಮೊದಲು ತನ್ನ ತಟ್ಟೆಯನ್ನು ಸಂಘದ ಮೆಷಿನ್ನಿನ ಮೇಲಿಟ್ಟ. ದಪ್ಪ ದನಿಯೇ ಬಂತು. ಗಡಿಯಾರ ನೋಡಿ ಹೇಳಿದ, "ಏಳು ನುಡಿ. ಮೂರು ನಿಮಿಷ ಹತ್ತು ಸೆಕೆಂಡು." ಆಮೇಲೆ ಡಾಕ್ಟರ ತಟ್ಟೆ. ಹುಡುಗನ ಅಳು. "ಅವೇ ಏಳು ನುಡಿ. ಎರಡು ನಿಮಿಷ ನಲವತ್ತೈದು ಸೆಕೆಂಡು."

"ಇದರಲ್ಲಿ ಏನು ವಿಶೇಷ ಭಾವ? ಒಂದು ದಿನ ನಿಧಾನ ಹಾಡಿದ, ಒಂದು ದಿನ ಬೇಗ ಹಾಡಿದ."

"ಬೇಗ ಹಾಡಿದ್ರೆ ಹೊತ್ತು ಕಮ್ಮಿಯಾಗುತ್ತೆ. ದನಿ ಯಾಕೆ ಮೇಲೆ ಹೋಗಬೇಕು?"

ನಾನು ಭುಜ ಕುಣಿಸಿದೆ. ಅವನು ಮೆಷಿನ್ನಿನ ಬದಿಯ ಸಣ್ಣ ತಿರುಪನ್ನು ತಿರುಗಿಸುತ್ತ ತಟ್ಟೆಯ ಓಟವನ್ನು ಇಳಿಸುತ್ತ ಬಂದ. ಒಂದು ಕೈಯಲ್ಲಿ ಆ ತಿರುಪು, ಇನ್ನೊಂದು ಕೈಯಲ್ಲಿ ಸ್ಕ್ರೂಡ್ರೈವರ್, ಅದರ ಹಿಡಿ ಕಿವಿಗೆ, ತುದಿ ಮೆಷಿನ್ನಿನ ಮೈಗೆ. ಡಾಕ್ಟರ ತಟ್ಟೆಯ ದಪ್ಪ ತಂತಿಯ ಸ್ವರ ತನ್ನ ತಟ್ಟೆಯ ದಪ್ಪ ತಂತಿಯ ಸ್ವರಕ್ಕೆ ಬಂದು ಕೂತಾಗ ಕೈ ನಿಲ್ಲಿಸಿದ. ತಟ್ಟೆಯ ಅಂಚಿನಲ್ಲಿ ಒಂದು ಕಾಗದದ ಚೂರು ಸಿಕ್ಕಿಸಿದ್ದ. ಅದು ನಿಮಿಷಕ್ಕೆ ಎಷ್ಟು ಸುತ್ತು ಬರುತ್ತದೆಂದು ಎಣಿಸಿದ. ಎಣಿಸುವುದರಲ್ಲಿ ಅವನಿಗೆ ಯಾರು ಸಾಟಿ?

"ಅರವತ್ತೆಂಟು ಸುತ್ತು. ನೀವು ಓಡಿಸೋ ಎಪ್ಪತ್ತೆಂಟಲ್ಲ. ಈಗ ಮೊದಲಿಂದ ಹಾಕ್ತೀನಿ, ನೀನೇ ಗಡಿಯಾರ ಹಿಡಿ."

ಹಿಡಿದೆ. ಮೂರು ನಿಮಿಷ ಹತ್ತು ಸೆಕೆಂಡು.

"ಅವಸರ ಮನುಷ್ಯನದಾಗಿದ್ರೆ ಹೊತ್ತು ಒಂದು ಲೆಕ್ಕ, ದನಿ ಒಂದು ಲೆಕ್ಕ. ಎರಡೂ ಒಂದೇ ಲೆಕ್ಕಕ್ಕೆ ಬಂದ್ರೆ ಅದು ಮೋಟರ್ ಕೆಲಸ. ಆ ಐದನ್ನ ತಯಾರು ಮಾಡಿದ ದಿನ ಅಲ್ಲಿನ ಮೆಷಿನ್ ನಿಧಾನ ಓಡಿದೆ. ನೀವು ಇಲ್ಲಿ ಸರಿಯಾಗಿ ಓಡಿಸ್ತೀರಿ, ಅದಕ್ಕೆ ಅವನು ಕಿರುಚ್ತಾನೆ." ಮೆಷಿನ್ನಿನ ಕಡೆ ಕೈ ತೋರಿಸಿ, "ಮೂಟೆ ಹೊತ್ತ ಎದೆ ಅದು. ಅದರಿಂದ ಆ ದನಿ ಹೇಗೆ ಬರುತ್ತೆ?" ಎಂದ.

ಮೂವತ್ತು ವರ್ಷದಲ್ಲಿ ಅವನು ಒಟ್ಟಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು.

ನಾನು ಕೇಳಿದೆ. ಟೇಪು ಕೂದಲೆಳೆಯಷ್ಟು ಜೋರಾಗಿ ಓಡಿದರೂ ಹಿಡಿಯುತ್ತಿದ್ದ ಕಿವಿ ನನ್ನದು. ಉಸಿರು ಈಗ ಉಸಿರಿನಂತೆ ಇತ್ತು, ಮೊದಲು ಅದು ಬಿಕ್ಕಳಿಕೆಯಂತಿತ್ತು. ಪದಗಳ ಕೊನೆಯ ಸೀಟಿ ಹೋಗಿತ್ತು. ಹುಡುಗ ಹೋಗಿ ಐವತ್ತರ ಗಂಡಸು ಬಂದು ಕೂತಿದ್ದ. ಅಳುತ್ತಿರಲಿಲ್ಲ. ದಣಿದಿದ್ದ, ಸ್ವಲ್ಪ ಸಿಟ್ಟಿನಲ್ಲಿದ್ದ, ನಮ್ಮಂಥವರನ್ನು ಕಂಡರೆ ಅವನಿಗೂ ತಿರಸ್ಕಾರವೇ ಇದ್ದಂತಿತ್ತು. ಐದನೆಯ ನುಡಿಯಲ್ಲಿ ಅವನು ಕೊನೆಯ ಪದ ಬಿಟ್ಟಾಗ ಗಿಟಾರು ಅದನ್ನು ಹೇಳಲಿಲ್ಲ. ಸುಮ್ಮನೆ ಕಾಯಿತು. ಇಷ್ಟು ವರ್ಷ ಆ ಜಾಗ ಓಟದಲ್ಲಿ ಮುಚ್ಚಿಹೋಗಿತ್ತು. ಭಾವ ಹೇಳಿದ್ದು ಸರಿ ಎಂದು ನನಗೆ ಆ ಕ್ಷಣವೇ ತಿಳಿಯಿತು, ಅನುಮಾನ ಒಂದು ಕಾಳಿನಷ್ಟೂ ಉಳಿಯಲಿಲ್ಲ.

"ನೀನು ಹೇಳು ಅವರಿಗೆ. ನಿನ್ನ ಮಾತು ಕೇಳ್ತಾರೆ. ಸಿಡಿ ಆಗಿಬಿಟ್ರೆ ಮುಗೀತು, ಆಮೇಲೆ ಅವನ ದನಿ ಅಂದ್ರೆ ಅದೇ" ಎಂದ ಭಾವ.

"ನೋಡೋಣ" ಎಂದೆ.

ಹನ್ನೊಂದು ಪುಟ ಆಗಲೇ ಅಚ್ಚಿಗೆ ಹೋಗಿತ್ತು.

ಭಾನುವಾರ ಭಾವ ತಾನೇ ಬಂದ. ತೊಳೆದ ಅಂಗಿ ಹಾಕಿಕೊಂಡಿದ್ದ. ತನ್ನ ತಟ್ಟೆಯನ್ನು ಟವೆಲಿನಲ್ಲಿ ಸುತ್ತಿ ತಂದಿದ್ದ. ಬಾಗಿಲ ಬಳಿಯ ಕುರ್ಚಿಯಲ್ಲಿ ತುದಿಗೆ ಕೂತು, ನಾನು ಹೇಳುತ್ತೇನೆಂದು ಕಾದ. ನಾನು ಕಿಟಕಿ ನೋಡುತ್ತಿದ್ದೆ. ಕೊನೆಗೆ ಅವನೇ ಎದ್ದು ಹೇಳಿದ. ಹೇಳಿದ ಎನ್ನುವುದಕ್ಕಿಂತ ತೊದಲಿದ. ನುಡಿ, ಹೊತ್ತು, ಸುತ್ತು, ಅರವತ್ತೆಂಟು. ಅಂಗಡಿಯಲ್ಲಿ ಅಷ್ಟು ಸಲೀಸಾಗಿ ಬಂದದ್ದು ಆ ದವಡೆ ಚಿತ್ರದ ಕೆಳಗೆ ಗಂಟಲಲ್ಲೇ ಸಿಕ್ಕಿಕೊಂಡಿತು.

"ಎಪ್ಪತ್ತೆಂಟು ಅಂತ ತಟ್ಟೆ ಮೇಲೇ ಅಚ್ಚು ಹಾಕಿದ್ದಾರಲ್ಲ. ತಯಾರು ಮಾಡಿದವರಿಗಿಂತ ನಿಮಗೆ ಹೆಚ್ಚು ಗೊತ್ತೇನ್ರೀ?" ಎಂದರು ಡಾಕ್ಟರು.

"ಅಚ್ಚು ಹಾಕಿದವರು ಬೇರೆ, ಮೆಷಿನ್ ಓಡಿಸಿದವರು ಬೇರೆ ಸಾರ್."

ಗಣಿತದ ಲೆಕ್ಚರರ್ ಹುಬ್ಬು ಗಂಟಿಕ್ಕಿದ. ಅವನಿಗೆ ಲೆಕ್ಕ ಹೊಳೆದಿತ್ತು, ನನಗೆ ಕಂಡಿತು. ಆದರೆ ಡಾಕ್ಟರ ಮುಖ ನೋಡಿದ, ಹೊಳೆದದ್ದನ್ನು ಜೇಬಿಗೆ ಹಾಕಿಕೊಂಡ.

ಡಾಕ್ಟರು ನನ್ನ ಕಡೆ ತಿರುಗಿದರು. "ನೀವು ಹೇಳಿ. ದನಿ ವಿಷಯದಲ್ಲಿ ನಮ್ಮಲ್ಲಿ ನಿಮಗಿಂತ ತಿಳಿದವರು ಯಾರಿದ್ದಾರೆ? ಇವರು ಹೇಳೋದರಲ್ಲಿ ಏನಾದ್ರೂ ಇದೆಯಾ?"

ಎಲ್ಲರೂ ನನ್ನನ್ನು ನೋಡಿದರು. ಭಾವನೂ ನೋಡಿದ. ಹೌದು ಎಂಬ ಎರಡು ಅಕ್ಷರ ಸಾಕಿತ್ತು. ಆ ಎರಡಕ್ಷರದ ಎದುರಿಗೆ ನನ್ನ ಹನ್ನೊಂದು ಪುಟವಿತ್ತು, ಮೀಸೆ ಮೂಡದ ಸಂಕಟವಿತ್ತು. ವಾರ್ನಿಷ್ ವಾಸನೆಯ ಮನುಷ್ಯನಿಂದ ಪಾಠ ಹೇಳಿಸಿಕೊಂಡೆ ಎಂದು ಈ ಕಣ್ಣುಮುಚ್ಚುವ ಮಂದಿಯ ಎದುರು ಒಪ್ಪಿಕೊಳ್ಳಬೇಕಿತ್ತು.

"ನಮ್ಮ ಭಾವಂದು ಮೋಟರ್ ಕಿವಿ ಡಾಕ್ಟ್ರೇ" ಎಂದೆ, ರೇಡಿಯೋದ ಪೂರ್ತಿ ದನಿಯಲ್ಲಿ. "ಅದಕ್ಕೆ ಹಾಡೂ ಒಂದೇ, ಬೇರಿಂಗೂ ಒಂದೇ."

ನಗು ಎದ್ದಿತು. ನಿದ್ದೆಯವರೂ ಎದ್ದು ನಕ್ಕರು. ಭಾವ ನಗಲಿಲ್ಲ, ಬೇಸರವನ್ನೂ ತೋರಿಸಲಿಲ್ಲ. ತಟ್ಟೆಗೆ ಮತ್ತೆ ಟವೆಲು ಸುತ್ತಿದ. "ಹಾಗಾದ್ರೆ ಎಷ್ಟಕ್ಕೆ ಇಡಲಿ ಸಾರ್?" ಎಂದು ಕೇಳಿದ. ಎಪ್ಪತ್ತೆಂಟು ಎಂದರು ಡಾಕ್ಟರು. ಎಪ್ಪತ್ತೆಂಟಕ್ಕೇ ಇಟ್ಟುಕೊಟ್ಟ, ಒಂದು ಸುತ್ತು ಹೆಚ್ಚಿಲ್ಲ, ಕಡಿಮೆಯಿಲ್ಲ. ಕದ್ದು ಅರವತ್ತೆಂಟಕ್ಕೆ ಇಳಿಸಿದ್ದರೆ ಯಾವನಿಗೂ ಗೊತ್ತಾಗುತ್ತಿರಲಿಲ್ಲ, ಎಲ್ಲರೂ ಆಹಾ ಎನ್ನುತ್ತಿದ್ದರು. ಆಮೇಲೆ ಅಕ್ಕ ಅದನ್ನೇ ಕೇಳಿದಳಂತೆ. "ಹೇಳಿದ ಸ್ಪೀಡ್ ಕೊಡೋದು ನನ್ನ ಕೆಲಸ" ಎಂದನಂತೆ. ಇಂಥ ಪೆದ್ದು ನಿಯತ್ತನ್ನು ಏನೆನ್ನಬೇಕೋ.

ಸಿಡಿ ಬಂತು. ಮುನ್ನೂರು ಲೈಬ್ರರಿಗಳಿಗೆ ಹೋಯಿತು. ಪತ್ರಿಕೆಯವನೊಬ್ಬ ಹಾಡು ಕೇಳದೆಯೇ ನನ್ನ ಪುಸ್ತಕದಿಂದ ನಾಲ್ಕು ಸಾಲು ಎತ್ತಿ ತನ್ನದೆಂಬಂತೆ ವಿಮರ್ಶೆ ಬರೆದ. ಡಾಕ್ಟರು ಅದಕ್ಕೆ ಗಾಜು ಹಾಕಿಸಿ ದವಡೆಯ ಪಕ್ಕದಲ್ಲಿ ತೂಗುಹಾಕಿದರು. ಭಾವ ಸಂಘದ ಕಡೆ ಮತ್ತೆ ತಲೆಹಾಕಲಿಲ್ಲ. ಮೆಷಿನ್ ಕೆಟ್ಟರೆ ಅಂಗಡಿಗೇ ತರಬೇಕಿತ್ತು, ಸರಿಮಾಡಿ ಕೊಡುತ್ತಿದ್ದ. ಮನೆಗೆ ಹೋದರೆ ಎಂದಿನಂತೆ "ಊಟ ಆಯ್ತಾ" ಎನ್ನುತ್ತಿದ್ದ. ಹೀಗೆ ಐದು ವರ್ಷ ಕಳೆಯಿತು. ನಾನು ನಿವೃತ್ತನಾದೆ. ಒಂದು ವರ್ಷದಲ್ಲೇ ತರಕಾರಿಯವಳು ಕೊಳೆತದ್ದನ್ನೂ ಸೇರಿಸಿ ಕೊಡಲು ಶುರುಮಾಡಿದಳು.

ಆಗ ರೇಡಿಯೋ ಕೇಂದ್ರದ ಐವತ್ತನೆಯ ವರ್ಷ ಬಂತು. ಹಳೆಯ ದನಿಗಳ ಕಾರ್ಯಕ್ರಮವಂತೆ, ಬೆಳಗ್ಗೆ ಹನ್ನೊಂದಕ್ಕೆ, ಅದರಲ್ಲಿ ನನ್ನದೂ ಅರ್ಧ ಗಂಟೆ. ನಾನು ಊರಿಗೆಲ್ಲ ಫೋನ್ ಮಾಡಿದೆ. ಅಕ್ಕನ ಮನೆಯ ನಡುಮನೆಯಲ್ಲಿ ಹದಿನಾಲ್ಕು ಜನ ಸೇರಿದರು, ಡಾಕ್ಟರೂ ಬಂದರು. ಭಾವ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ.

ರೇಡಿಯೋ ನನ್ನ ಹೆಸರು ಹೇಳಿತು. ಆಮೇಲೆ ಯಾವನೋ ಮಾತಾಡತೊಡಗಿದ. ತೆಳ್ಳಗಿನ, ಅವಸರದ, ಮೂಗಿನ ದನಿ. ಬಸ್ಸಿಗೆ ಓಡುವ ಗುಮಾಸ್ತ ನಡುವೆ ನಿಂತು ಸುದ್ದಿ ಓದಿದಂತಿತ್ತು. ಮಾತುಗಳು ನನ್ನವು. ನಿಲುಗಡೆಗಳು ನನ್ನವು, ಆದರೆ ಉಸಿರಾಡಲು ಜಾಗವಿರಲಿಲ್ಲ. ನಾನು ಸುತ್ತ ನೋಡಿದೆ. ಹದಿನಾಲ್ಕು ಜನವೂ ಕಣ್ಣು ಮುಚ್ಚಿದ್ದರು.

"ಆಹಾ" ಎಂದರು ಡಾಕ್ಟರು ಕೊನೆಗೆ. "ಎಷ್ಟು ಎಳೆ ದನಿ ಆಗ!"

"ಹೌದು ಕಣೋ" ಎಂದಳು ನನ್ನ ಸ್ವಂತ ಅಕ್ಕ, "ನಿನ್ನ ದನಿ ಹೀಗೇ ಇತ್ತು. ಮರೆತೇ ಹೋಗಿತ್ತು."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇಪ್ಪತ್ತೆಂಟು ವರ್ಷ ಕೇಳಿದ ಜನ ಇವರು. ಬಾಗಿಲಲ್ಲಿ ನಿಂತವನು ಮಾತ್ರ ತಲೆಯಲ್ಲಾಡಿಸಿದ.

"ಅದು ಅವನ ದನಿ ಅಲ್ಲ. ಟೇಪು ಜೋರಾಗಿ ಓಡ್ತಿದೆ."

ಯಾರೂ ಅವನ ಮಾತನ್ನು ಗಮನಿಸಲಿಲ್ಲ. ನಾನು ಎದ್ದು ಹೋಗಿ ಅವನ ತೋಳು ಹಿಡಿದೆ. "ಭಾವ, ನನ್ನ ಜೊತೆ ಬರ್ತೀರಾ? ಕೇಂದ್ರಕ್ಕೆ ಹೋಗಿ ನೀವೇ ಹೇಳಬೇಕು." ಅವನು ಚಪ್ಪಲಿ ಹಾಕಿಕೊಂಡ.

ಕೇಂದ್ರದಲ್ಲಿ ಹೊಸ ಇಂಜಿನಿಯರ್ ಹೆಂಗಸು ನಮ್ಮನ್ನು ಕೂರಿಸಿ ನೀರು ಕೊಟ್ಟಳು. ಭಾವ ಈ ಸಲ ತೊದಲಲಿಲ್ಲ. ಟೇಪು ತುಂಬಿಸಿದ ಹಳೆಯ ಮೆಷಿನ್ನಿನ ಮೋಟರ್ ಆಗ ನಿಧಾನ ಓಡುತ್ತಿದ್ದಿರಬೇಕು, ಈಗ ಸರಿಯಾಗಿ ಓಡುವ ಮೆಷಿನ್ನಿನಲ್ಲಿ ಹಾಕಿದರೆ ದನಿ ಏರುತ್ತದೆ ಎಂದು ಬಿಡಿಸಿ ಹೇಳಿದ. ಅವಳು ಎಲ್ಲವನ್ನೂ ಮರ್ಯಾದೆಯಿಂದ ಕೇಳಿದಳು.

"ನಮ್ಮ ಮೆಷಿನ್ ಮೊನ್ನೆ ತಾನೇ ಪರೀಕ್ಷೆ ಮಾಡಿಸಿದ್ದು ಸರ್. ಸ್ಪೀಡಿನ ನಂಬರ್ ಸರಿಯಾಗಿದೆ. ಟೇಪಿನ ಡಬ್ಬಿ ಮೇಲೂ ಅದೇ ನಂಬರ್ ಬರೆದಿದೆ."

"ಬರೆದಿರಬಹುದಮ್ಮ. ಆದರೆ ಅದು ನನ್ನ ದನಿ ಅಲ್ಲ!"

"ಬೆಳಗ್ಗೆಯಿಂದ ತುಂಬ ಫೋನ್ ಬಂತು ಸರ್, ಎಲ್ಲರೂ ಚೆನ್ನಾಗಿದೆ ಅಂದ್ರು. ಕಂಪ್ಲೇಂಟ್ ಒಂದೂ ಇಲ್ಲ. ಈಗೆಲ್ಲ ಕಂಪ್ಯೂಟರಿಗೆ ಹಾಕಿ ಆಗಿದೆ, ಹಳೇ ಟೇಪ್ ಇಟ್ಕೊಂಡಿಲ್ಲ." ಆಮೇಲೆ ಭಾವನ ಕಡೆ ನೋಡಿ, ನಗುತ್ತ, "ಇವರು ಏನು ಕೆಲಸ ಮಾಡ್ತಾರೆ?" ಎಂದು ನನ್ನನ್ನು ಕೇಳಿದಳು.

"ಮೋಟರ್ ಸುತ್ತುತ್ತಾರೆ" ಎಂದೆ. ಆ ನಗು ನನಗೆ ಚೆನ್ನಾಗಿ ಗೊತ್ತಿತ್ತು.

ಹಿಂದಿರುಗುವಾಗ ಭಾವ ಮನೆಯ ದಾರಿ ಬಿಟ್ಟು ಅಂಗಡಿಯ ಕಡೆ ತಿರುಗಿದರು. ಬೀಗ ತೆಗೆದು, ಮೇಲಿನ ಹಲಗೆಯಿಂದ ಒಂದು ಬಿಸ್ಕತ್ತಿನ ಡಬ್ಬಿ ಇಳಿಸಿದರು. ಒಳಗೆ ಕ್ಯಾಸೆಟ್ಟುಗಳು, ಒಂದೊಂದರ ಮೇಲೂ ತಾರೀಖು. ಒಂದನ್ನು ಹಾಕಿದರು.

ನಾಳೆ ಬೆಳಗ್ಗೆ ಆರರಿಂದ ಹತ್ತರವರೆಗೆ ಕೆಲವು ಬಡಾವಣೆಗಳಲ್ಲಿ ನೀರು ಬರುವುದಿಲ್ಲ ಎಂದು ನಾನು ಹೇಳುತ್ತಿದ್ದೆ. ಆಳವಾದ ದನಿ, ಅವಸರವೇ ಇಲ್ಲ. ಬಡಾವಣೆಗಳ ಹೆಸರುಗಳನ್ನು ಒಂದೊಂದಾಗಿ, ಪ್ರತಿ ಹೆಸರಿಗೂ ಅದರದೇ ಜಾಗ ಕೊಟ್ಟು ಓದುತ್ತಿದ್ದೆ. ನೀರಿಲ್ಲ ಎಂಬ ಸುದ್ದಿ ಕೇಳುತ್ತ ನಾನು ಅಳುವುದೇ? ಆದರೆ ಅತ್ತೆ, ಮುಖ ಮುಚ್ಚಿಕೊಳ್ಳದೆ ಅತ್ತೆ.

"ಇದನ್ನೆಲ್ಲ ರೇಡಿಯೋದಿಂದ ತುಂಬಿಸಿ ಯಾಕೆ ಇಟ್ಟುಕೊಂಡ್ರಿ ಭಾವ?"

"ಮಧ್ಯಾಹ್ನ ಸುತ್ತುವಾಗ ಹಾಕ್ಕೊಳ್ತಿದ್ದೆ. ಎಣಿಕೆ ತಪ್ತಿರಲಿಲ್ಲ ನಿನ್ನ ದನಿಗೆ."

ನಾನು ಅವರನ್ನು ಸಂಘದಲ್ಲಿ ಅಭಿನಯ ಸಮೇತ ಆಡಿಕೊಂಡ ವರ್ಷಗಳವು. ಡಬ್ಬಿಯಲ್ಲಿ ಕಡಿಮೆಯೆಂದರೆ ನಲವತ್ತು ಕ್ಯಾಸೆಟ್ಟಿದ್ದವು. ಹೇಳಿದೆ, "ಭಾವ, ಆವತ್ತು ಹಮಾಲನ ವಿಷಯದಲ್ಲಿ ನೀವು ಹೇಳಿದ್ದೇ ಸರಿ. ಈಗ ಗೊತ್ತಾಯ್ತು ನನಗೆ."

ಭಾವ ಅರ್ಧ ಸುತ್ತಿದ್ದ ಮೋಟರೊಂದನ್ನು ಹತ್ತಿರ ಎಳೆದುಕೊಂಡು ತಂತಿಯ ತುದಿ ಹುಡುಕುತ್ತಿದ್ದರು.

"ಈಗಲ್ಲ" ಎಂದರು. "ಅಂಗಡಿಯಲ್ಲಿ ಕೇಳಿದ ದಿನಾನೇ ನಿನಗೆ ಗೊತ್ತಾಗಿತ್ತು. ನಿನ್ನ ಮುಖ ನೋಡ್ತಿದ್ದೆ ನಾನು."

ಕ್ಯಾಸೆಟ್ಟಿನಲ್ಲಿ ನಾನು ಇನ್ನೂ ಬಡಾವಣೆಗಳ ಹೆಸರು ಓದುತ್ತಲೇ ಇದ್ದೆ. ಭಾವ ತಂತಿಯ ತುದಿಯನ್ನು ಸೀಳಿಗೆ ಕೂರಿಸಿ, ಒಂದರಿಂದ ಎಣಿಸತೊಡಗಿದರು.